ಹೆಸರು ಹೇಳದ ಶುಕ್ರವಾರಗಳು

ಕರೆಂಟು ಹೋಗಬಹುದಿತ್ತು. ಕೊಟ್ಟೂರಿನ ಬಸ್ಸು ದಾರಿಯಲ್ಲೇ ಕೆಟ್ಟು, ಬರಬೇಕಾದವರು ಬರದೆ ಹೋಗಬಹುದಿತ್ತು. ಓಣಿಯ ಹುಡುಗರು ನಾಲ್ಕು ಜನ ಸೇರಿ ಬಂದು, "ಬಾಗ್ಲ ಹಾಕ್ಕೊಂಡು ಒಳಗ ಏನ್ ನಡಸೀರಿ? ಯಾರ್ನ ನಿಮ್ಮ ಮತಕ್ಕ ಸೇರಿಸ್ಕೊಳ್ಳಾಕತ್ತೀರಿ?" ಎಂದು ಕೇಳಬಹುದಿತ್ತು. ಬಾಗಿಲು ತೆರೆದಿಟ್ಟರೆ, "ಬಾಗ್ಲ ತಗದು ಯಾರಿಗೆ ಕೇಳ್ಲಿ ಅಂತ ಓದಾಕತ್ತೀರಿ?" ಎಂದೂ ಕೇಳಬಹುದಿತ್ತು. ಮನೆಯ ಮಾಲೀಕರು ಮನೆ ಖಾಲಿ ಮಾಡಿಸಬಹುದಿತ್ತು. ಯಾರಾದರೂ ಒಂದು ಅರ್ಜಿ ಗೀಚಿ, ನನ್ನನ್ನು ಬಸ್ಸೇ ಹೋಗದ ಊರಿಗೆ ವರ್ಗ ಮಾಡಿಸಬಹುದಿತ್ತು. ನಮ್ಮ ಮನೆಯ ಶುಕ್ರವಾರದ ಓದಿನಲ್ಲಿ ಪುಸ್ತಕದ ಪ್ರಶ್ನೆಗೆ ಯಾರೂ ಉತ್ತರ ಹೇಳದೆ ಎಲ್ಲರೂ ನನ್ನ ಮುಖ ನೋಡುತ್ತ ಕೂರಬಹುದಿತ್ತು. ಉತ್ತರ ಹೇಳಿಬಿಟ್ಟರೆ ಅದು ಇನ್ನೂ ಅಪಾಯ: ಅಕ್ಕ ಸುಗುಣಮ್ಮ ತಂಗಿ ಕಮಲಮ್ಮನ ಮುಖಕ್ಕೆ ಬಿಸಿ ಚಹಾ ಎರಚಬಹುದಿತ್ತು, ಸುಟ್ಟ ಗಾಯಕ್ಕೆ ಔಷಧಿ ಹಚ್ಚಲು ಅಲ್ಲಿ ಇರುತ್ತಿದ್ದ ಒಬ್ಬರೇ ನರ್ಸು ಆ ಸುಗುಣಮ್ಮನೇ ಆಗಿರುತ್ತಿದ್ದರು. ಇದೆಲ್ಲವನ್ನೂ ದಾಟಿದರೂ, ಈಸ್ಟರ್ ಹಬ್ಬದ ನಂತರದ ಭಾನುವಾರ ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದುವ ಹೊತ್ತಿಗೆ, ಸುಗುಣಮ್ಮ ಎದ್ದು ನಿಲ್ಲಬಹುದಿತ್ತು.

ಆ ವರ್ಷದ ಬೇಸಿಗೆಯಲ್ಲಿ ನನ್ನ ತಲೆಯೊಳಗೆ ದಿನವೂ ಓಡುತ್ತಿದ್ದ ಗಾಡಿಗಳು ಇವು. ಹೊರಗಿನ ಗಾಡಿಗಳು ತಡವಾಗಿ ಬರುತ್ತಿದ್ದವು, ಇವು ಒಂದು ದಿನವೂ ತಡ ಮಾಡಲಿಲ್ಲ.

ಮೊನ್ನೆ ಕೂಡ್ಲಿಗಿಯ ಬಸ್ ನಿಲ್ದಾಣದಲ್ಲಿ ಹಡಗಲಿಯಿಂದ ಬಂದ ಬಸ್ಸಿನ ಇಂಜಿನ್ ಪಕ್ಕದಿಂದ ಒದ್ದೆ ಬಟ್ಟೆ ಸುತ್ತಿದ ಮಲ್ಲಿಗೆ ಬುಟ್ಟಿಯೊಂದನ್ನು ಇಳಿಸಿದರು. ಬಿಸಿ ಡೀಸೆಲ್ಲೂ ಮಲ್ಲಿಗೆಯೂ ಬೆರೆತ ಆ ವಾಸನೆ ನನ್ನ ಕ್ಯಾಬಿನ್ನಿನ ಕಿಟಕಿಗೆ ಬಂದು ತಾಗಿದ ಕೂಡಲೇ ನನ್ನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಬಿಪಿ ಮಾತ್ರೆ ಇರುವ ಜಾಗ ಅದು. ನಾನು ಬಸ್ ನಿಲ್ದಾಣದ ಕಂಟ್ರೋಲರ್. ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು, ಬಾರದ ಗಾಡಿಗೆ ಬೈಸಿಕೊಳ್ಳುವುದು ನನ್ನ ಕೆಲಸ. ಚಿಂತೆ ಮಾಡುವುದಕ್ಕೆ ಸರ್ಕಾರವೇ ಸಂಬಳ ಕೊಡುವ ಇಂಥ ಕೆಲಸ ನನ್ನಂಥವನಿಗೆ ಸಿಕ್ಕಿದ್ದು ದೇವರ ದಯೆ ಎಂದು ನನ್ನ ಹೆಂಡತಿ ಲೀಲಾ ಹೇಳುತ್ತಾಳೆ. ಆ ಬೇಸಿಗೆಯಲ್ಲಿ ನಾನಿದ್ದದ್ದು ಹಗರಿಬೊಮ್ಮನಹಳ್ಳಿಯ ನಿಲ್ದಾಣದಲ್ಲಿ.

ನಮ್ಮ ಚರ್ಚಿನ ಸಭೆ ಬಹಳ ಸಣ್ಣದು. ಊರಿನ ಕೆಲವು ಮನೆ, ಕೊಟ್ಟೂರಿನ ಕೆಲವು ಮನೆ, ಹಡಗಲಿ ಕಡೆಯ ಒಂದೆರಡು. ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ನೆಂಟರು, ಆದ್ದರಿಂದ ಜಗಳಕ್ಕೆ ಕೊರತೆ ಇಲ್ಲ. ಸುಗುಣಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ನರ್ಸಾಗಿ ನಿವೃತ್ತಿಯಾದವರು. ಗಂಡ ಇಲ್ಲ. ಒಬ್ಬಳೇ ಮಗಳು ಎಸ್ತರ್, ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ. ಸುಗುಣಕ್ಕನ ತಂಗಿ ಕಮಲಕ್ಕ ಕೊಟ್ಟೂರಿನಲ್ಲಿ ಗಂಡನ ಜೊತೆ ಟೈಲರಿಂಗ್ ಅಂಗಡಿ ನಡೆಸುತ್ತಾರೆ. ಅವರ ಮಗಳು ಶಾಲಿನಿ.

ಹಿಂದಿನ ಮಳೆಗಾಲದಲ್ಲಿ ಹಡಗಲಿಯ ಒಂದು ಮನೆಯವರು ತಮ್ಮ ಮಗನಿಗೆ ಎಸ್ತರಳನ್ನು ನೋಡಲು ಬಂದರು. ಹುಡುಗ ಶಾಲಾ ಮಾಸ್ತರ, ಒಳ್ಳೆಯವನು. ಚಿಕ್ಕಮ್ಮನಾಗಿ ಕಮಲಕ್ಕ ಬಂದು ಅವಲಕ್ಕಿ ಕಲಸಿದರು. ಕೈಗೆ ಆಸರೆಯಾಗಲಿ ಎಂದು ಶಾಲಿನಿಯನ್ನೂ ಕರೆತಂದಿದ್ದರು. ಚಹಾದ ತಟ್ಟೆ ಹಿಡಿದು ಹೋದವಳು ಎಸ್ತರ್, ನೀರಿನ ಲೋಟ ಹಿಡಿದು ಹೋದವಳು ಶಾಲಿನಿ. ಹುಡುಗನ ಕಡೆಯವರು "ಮಳಿ ನಿಂತ ಮ್ಯಾಲೆ ಮಾತಾಡೋಣ" ಎಂದು ನಗುತ್ತ ಹೋದರು. ಮಳೆ ನಿಂತ ಮೇಲೆ ಫೋನು ಬಂದದ್ದು ಕಮಲಕ್ಕನ ಮನೆಗೆ, ಶಾಲಿನಿಯನ್ನು ಕೇಳಿ.

ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ. ಇಬ್ಬರೂ ಭಾನುವಾರ ಒಂದೇ ಚರ್ಚಿಗೆ ಬರುತ್ತಿದ್ದರು, ಒಂದೇ ಹಾಡು ಹಾಡುತ್ತಿದ್ದರು, ಒಬ್ಬರು ಬಲಗಡೆ ಬಾಗಿಲಿಂದ ಹೋದರೆ ಇನ್ನೊಬ್ಬರು ಎಡಗಡೆ ಬಾಗಿಲಿಂದ. ಆ ಮಾಸ್ತರನ ಜೊತೆಗೇ ಶಾಲಿನಿಯ ಮದುವೆ ಗೊತ್ತಾಯಿತು. ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ನಮ್ಮಲ್ಲಿ ಮದುವೆ ಮಾಡುವುದಿಲ್ಲ. ಹಬ್ಬ ಕಳೆದ ಮೇಲೆ ಮೂರು ಭಾನುವಾರ ಆರಾಧನೆಯ ನಡುವೆ ಪ್ರಕಟಣೆ ಓದಬೇಕು: ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ, ಆಕ್ಷೇಪಣೆ ಇದ್ದವರು ಎದ್ದು ತಿಳಿಸಿರಿ. ಓದಿ, ಪಾಸ್ಟರ್ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ನನ್ನ ಜೀವಮಾನದಲ್ಲಿ ಆ ಮೌನದಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳಿದ್ದಿಲ್ಲ.

"ಓದ್ಲಿ. ನಾ ಎದ್ದು ನಿಲ್ತೀನಿ" ಎಂದು ಸುಗುಣಕ್ಕ ಕ್ರಿಸ್ಮಸ್ ದಿನ ಚರ್ಚಿನ ಅಂಗಳದಲ್ಲಿ ಕೇಕು ಹಂಚುತ್ತ ಹೇಳಿದ್ದರು. "ಮಾತು ಕೊಟ್ಟು ತಪ್ಪಿದ್ದು ಆಕ್ಷೇಪಣಿ ಅಲ್ಲೇನು? ಅಯ್ನೋರು ವಿಚಾರಣಿ ಮಾಡ್ಲಿ."

ಅಯ್ನೋರು ಎಂದರೆ ನಮ್ಮ ಪಾಸ್ಟರ್. ಹರಪನಹಳ್ಳಿಯವರು, ಮೂರು ತಾಲ್ಲೂಕಿನ ಸಭೆಗಳನ್ನು ಒಂದೇ ಬೈಕಿನಲ್ಲಿ ನೋಡಿಕೊಳ್ಳುತ್ತಾರೆ. ಫೆಬ್ರವರಿಯ ಒಂದು ಮಧ್ಯಾಹ್ನ ಆ ಬೈಕು ನನ್ನ ಕ್ಯಾಬಿನ್ನಿನ ಮುಂದೆ ನಿಂತಿತು. ಕೈಯಲ್ಲಿ ಹಸಿರು ರಟ್ಟಿನ ತೆಳು ಪುಸ್ತಕಗಳ ಒಂದು ಕಟ್ಟು.

"ಸ್ಯಾಮಣ್ಣ, ಈ ಲೆಂಟ್‌ನಾಗೆ ಪ್ರತಿ ಶುಕ್ರವಾರ ನಿಮ್ಮ ಮನೇಲಿ ನಾಕು ಜನ ಕೂತು ಇದನ್ನ ಓದ್ಬೇಕು. ಕ್ಷಮೆ ಬಗ್ಗೆ ಪುಸ್ತಕ. ಪ್ರತಿ ಪಾಠದ ಕೊನೆಗೆ ಪ್ರಶ್ನೆ ಅದಾವೆ, ಚರ್ಚೆ ಮಾಡ್ಬೇಕು. ನೀವೇ ನಡೆಸ್ಬೇಕು."

"ನಂಗ ಬೋಧನಿ ಬರಂಗಿಲ್ರಿ ಅಯ್ನೋರೆ."

"ಬೋಧನೆ ಯಾರಿಗೆ ಬೇಕು? ಗಾಡಿ ಬಿಡೋದಷ್ಟೇ. ಒಬ್ರು ಮಾತಾಡಿದ ಮೇಲೆ ಇನ್ನೊಬ್ರನ್ನ ಬಿಡೋದು. ದಿನಾ ಮಾಡ್ತೀರಲ್ಲ."

"ಯಾರ್ಯಾರು ಬರ್ತಾರ?"

"ನೀವು, ನಿಮ್ಮ ಮನೆಯವ್ರು, ಪೌಲಪ್ಪ, ಸುಗುಣಮ್ಮ..." ಎನ್ನುತ್ತ ಅವರು ಹೆಲ್ಮೆಟ್ ಹಾಕಿಕೊಂಡರು. ಹೆಲ್ಮೆಟ್ಟಿನ ಒಳಗಿಂದ "ಕಮಲಮ್ಮ" ಎಂದು ಕೇಳಿದಂತಾಯಿತು. ನಾನು ಏನಂದಿರಿ, ಏನಂದಿರಿ ಎನ್ನುವಷ್ಟರಲ್ಲಿ ಬೈಕು ಕೂಡ್ಲಿಗಿ ರಸ್ತೆ ಹಿಡಿದಿತ್ತು.

ರಾತ್ರಿ ಊಟಕ್ಕೆ ಕೂತಾಗಲೂ ಬರುವವರ ಹೆಸರುಗಳನ್ನೇ ಬೆರಳಲ್ಲಿ ಎಣಿಸುತ್ತಿದ್ದೆ. "ನಿಮಗ ಹೆದರಿಕಿ ಇಲ್ದಿದ್ರ ಜ್ವರ ಬಂದೈತಿ ಅಂತ ತಿಳ್ಕೊಳ್ತಿದ್ದೆ" ಎಂದು ಲೀಲಾ ಮಜ್ಜಿಗೆ ಬಡಿಸಿದಳು.

ಪುಸ್ತಕದ ಮೊದಲ ಪುಟದಲ್ಲೇ ನಡೆಸುವವನಿಗೆ ಸೂಚನೆಗಳಿದ್ದವು. ಯಾರ ಹೆಸರನ್ನೂ ಹೇಳಬಾರದು, ನಿಮ್ಮನ್ನು ನೋಯಿಸಿದವರನ್ನು 'ಒಬ್ಬರು' ಎಂದಷ್ಟೇ ಕರೆಯಬೇಕು. ಯಾರೂ ಮಾತಾಡದಿದ್ದರೆ ನಡೆಸುವವನು ಆ ಮೌನವನ್ನು ತುಂಬಬಾರದು, ತಾಳ್ಮೆಯಿಂದ ಕಾಯಬೇಕು. ಮೌನ ಕಂಡರೆ ಮೈಕ್ ಹಿಡಿದು "ಹಂಪಸಾಗರಕ್ಕೆ ಹೋಗುವ ಪ್ರಯಾಣಿಕರ ಗಮನಕ್ಕೆ" ಎಂದು ಶುರು ಮಾಡುವ ಮನುಷ್ಯನಿಗೆ ಇದು ಆಗುವ ಮಾತಲ್ಲ. ಮೊದಲನೆಯ ನಿಯಮ ಎಷ್ಟೋ ಸುಲಭ ಅನ್ನಿಸಿತು. ಆ ಪುಸ್ತಕ ಬರೆದವರು ಸಾವಿರ ಜನ ಸೇರುವ ಚರ್ಚಿನಲ್ಲಿ ಕೂತು ಬರೆದಿರಬೇಕು. ಎಲ್ಲರೂ ಎಲ್ಲರ ಮನೆಯ ಸಾರಿನ ರುಚಿ ಬಲ್ಲ ಸಭೆಯಲ್ಲಿ 'ಒಬ್ಬರು' ಎಂದರೆ ಏನಾಗುತ್ತದೆಂದು ಅವರಿಗೆ ಹೊಳೆದಿರಲಿಲ್ಲ.

ಮೊದಲ ಶುಕ್ರವಾರ ಎಲ್ಲರೂ ಬಂದರು. ಸುಗುಣಕ್ಕ ಕಿಟಕಿಯ ಪಕ್ಕದ ಕುರ್ಚಿ ಹಿಡಿದರು. ಕಮಲಕ್ಕ ಬಂದು, ಉಳಿದಿದ್ದ ಒಂದೇ ಕುರ್ಚಿ ಅದರ ಪಕ್ಕದ್ದೆಂದು ಕಂಡು, ಅದನ್ನು ಒಂದು ಮೊಳ ಆಚೆ ಎಳೆದು ಕೂತರು. ಅವರ ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಇತ್ತು. ಹಡಗಲಿಯ ಬೀಗರು ವಾರವಾರ ಬಸ್ಸಿಗೆ ಹಾಕಿ ಕಳಿಸುತ್ತಿದ್ದದ್ದು, ಆ ಬಸ್ಸು ನಮ್ಮೂರಿಗೆ ಮಧ್ಯಾಹ್ನ ಬರುತ್ತಿತ್ತು, ನಾನೇ ಇಳಿಸಿಕೊಂಡು ಇಟ್ಟಿರುತ್ತಿದ್ದೆ. ಕಮಲಕ್ಕ ಹಲ್ಲಿನಿಂದ ದಾರ ಕಡಿದು ಲೀಲಾಗೊಂದು ತುಂಡು ಕೊಟ್ಟರು, ಇನ್ನೊಂದು ತುಂಡನ್ನು ಯಾರಿಗೂ ಅಲ್ಲ ಎಂಬಂತೆ ಪಕ್ಕದ ಕುರ್ಚಿಯ ಕೈಮೇಲೆ ಇಟ್ಟರು. ಸುಗುಣಕ್ಕ ಅದನ್ನು ಎರಡೇ ಬೆರಳಲ್ಲಿ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಹೊರಗಿನಿಂದ ಒಂದು ಕೈ ಬಂದು ಅದನ್ನು ತೆಗೆದುಕೊಂಡಿತು.

ಅದು ಬಸಮ್ಮನ ಕೈ. ಮನೆಯ ಮಾಲೀಕರು. ಕೋಗಳಿಯ ತವರಿನವರು, ಗಂಡನ ಹೊಲಮನೆ ಎಲ್ಲ ಇಲ್ಲಿ. ಸಂಜೆ ಹೊತ್ತು ನಮ್ಮ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕೂತು ಕಾಳು ಹಸನು ಮಾಡುವುದು ಅವರ ಪದ್ಧತಿ. ಮನೆ ಖಾಲಿ ಮಾಡಿಸಬಹುದು ಎಂದು ನಾನು ಹೆದರಿದ್ದು ಇವರಿಗೇ. ಅವರಿಗೆ ನಮ್ಮ ಓದು ಧಾರಾವಾಹಿಗಿಂತ ಚೆನ್ನಾಗಿ ಕಂಡಿತ್ತು ಎಂದು ಆಮೇಲೆ ಗೊತ್ತಾಯಿತು.

ಪುಸ್ತಕದ ಮೊದಲ ಪಾಠದಲ್ಲಿ ಹಿಮ ಬೀಳುತ್ತಿತ್ತು. ಒಬ್ಬ ಮನುಷ್ಯ ತನ್ನ ಮೇಲೆ ಸಿಟ್ಟಾದ ನೆರೆಯವನ ಬಾಗಿಲ ಮುಂದಿನ ಹಿಮವನ್ನು ಬೆಳಗಾಗುವ ಮೊದಲೇ ಸಲಿಕೆಯಿಂದ ತೆಗೆದು ಹಾಕುತ್ತಾನೆ. ನಾನು ಬೆವರು ಒರೆಸಿಕೊಳ್ಳುತ್ತ ಓದಿದೆ. ಮೇಲೆ ತಗಡು, ಹೊರಗೆ ಬೇವಿನ ಎಲೆಯೂ ಅಲ್ಲಾಡದ ಸೆಕೆ.

"ಹಿಮ ಅಂದ್ರ ಐಸ್ ಅಲ್ರಿ?" ಎಂದರು ಪೌಲಪ್ಪ. ಅವರು ರೈಲ್ವೆಯಲ್ಲಿ ಹಳಿ ನೋಡಿಕೊಂಡು ನಿವೃತ್ತರಾದವರು, ಎಲ್ಲ ಪ್ರಶ್ನೆಗೂ "ಪ್ರಾರ್ಥನಿ ಮಾಡ್ಬೇಕು" ಎಂಬ ಒಂದೇ ಉತ್ತರ ಕೊಟ್ಟು ಮುಂದಿನ ಪ್ರಶ್ನೆಯವರೆಗೆ ಕಣ್ಣು ಮುಚ್ಚುವವರು. "ಮನಿ ಮುಂದ ಅಷ್ಟು ಐಸ್ ಬಿದ್ದಿರೋ ಊರಾಗ ಜಗಳ ಯಾಕ ಆಡ್ತಾರ? ಆರಾಮ ತಣ್ಣಗ ಇರಬಾರ್ದಾ?"

ಯಾರಾದರೂ ನಕ್ಕುಬಿಟ್ಟಾರು ಎಂದು ನಾನು ಹೆದರಿದ್ದೆ. ಅಕ್ಕತಂಗಿ ಇಬ್ಬರೂ ಒಂದೇ ಹೊತ್ತಿಗೆ ನಕ್ಕರು. ನಕ್ಕದ್ದು ಗೊತ್ತಾದ ಕೂಡಲೇ ಇಬ್ಬರೂ ಒಂದೇ ಹೊತ್ತಿಗೆ ನಿಲ್ಲಿಸಿದರು. ಅವರ ನಗುವಿನ ಸದ್ದು ಕೂಡ ಒಂದೇ ತರ ಇತ್ತು. ಅದನ್ನು ಕೇಳಿ ನನಗೆ ಸಮಾಧಾನ ಆಗುವ ಬದಲು ಇನ್ನಷ್ಟು ಕಸಿವಿಸಿಯಾಯಿತು.

ಎರಡು ವಾರ ಅವರಿಬ್ಬರೂ ಮೇಲುಮೇಲಿನ ಉತ್ತರ ಕೊಟ್ಟು ದೂಡಿದರು. ಮಾರ್ಚ್ ನಡುವಿಗೆ ಬಿಸಿಲು ಏರಿತು, ಮಾತಿನ ಹಿಡಿತವೂ ತಪ್ಪಿತು. ಆ ದಿನದ ಪ್ರಶ್ನೆ, ಯಾರಾದರೂ ನಿಮ್ಮ ನಂಬಿಕೆಗೆ ಪೆಟ್ಟು ಕೊಟ್ಟದ್ದುಂಟೇ ಎಂಬುದು.

ಸುಗುಣಕ್ಕ ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡರು. "ಒಬ್ಬರು ಇದ್ರು. ನಮ್ಮ ಮನಿಗೆ ಬಂದ್ರು, ನಮ್ಮ ಮನ್ಯಾಗ ಚಾ ಕುಡುದ್ರು. ನಮ್ಮ ಮನಿಗೆ ಬಂದ ಗಂಡಿನ ಮುಂದ ತಮ್ಮ ಮನಿ ಹುಡುಗಿ ಕೈಯಾಗ ನೀರು ಕೊಟ್ಟು ಕಳಿಸಿದ್ರು."

ನಾನು ಬಾಯಿ ತೆರೆದೆ. ಮೌನ ತುಂಬಬಾರದು ಎಂಬ ನಿಯಮ ನೆನಪಾಗಿ ಮುಚ್ಚಿದೆ.

"ಒಬ್ಬರು ನೀರು ಕಳಿಸಿದ್ದು ಬಂದೋರಿಗೆ ನೀರಡಿಕಿ ಆಗಿತ್ತು ಅಂತ" ಎಂದರು ಕಮಲಕ್ಕ, ಗೋಡೆಯ ಕ್ಯಾಲೆಂಡರ್ ನೋಡುತ್ತ. "ಗಂಡಿನ ಕಡ್ಯಾರು ತಾವಾಗಿ ಫೋನ್ ಮಾಡಿದ್ರು. ಒಬ್ಬರು ಮೊದ್ಲು ಒಲ್ಲೆ ಅಂದ್ರು. ಅದನ್ನ ಹೇಳಾಕಂತನೇ ಬಸ್ ಹತ್ತಿ ಒಬ್ಬರ ಮನಿಗೆ ಬಂದ್ರ ಒಬ್ಬರು ಬಾಗ್ಲ ಹಾಕ್ಕೊಂಡ್ರು. ಬಿಸಿಲಾಗ ನಿಂತು ನಿಂತು ಹೊಳ್ಳಿ ಹೋದ್ರು."

"ಒಬ್ಬರ ಮಗಳು ಒಳಗ ಅಳಾಕತ್ತಿದ್ಲು. ಬಾಗ್ಲ ಹೆಂಗ ತಗೀತಾರ ಒಬ್ಬರು?" ಎಂದರು ಸುಗುಣಕ್ಕ.

ಪೌಲಪ್ಪ ಕಣ್ಣು ತೆರೆದರು. "ಈ ಒಬ್ಬರು, ಆ ಒಬ್ಬರು, ಇಬ್ಬರೂ ಒಂದೇ ಏನ್ರಿ ಸ್ಯಾಮಣ್ಣ? ನಂಗ ತಿಳೀವಲ್ದು."

ಕಿಟಕಿಯ ಹೊರಗಿಂದ ಬಸಮ್ಮ ಉತ್ತರ ಕೊಟ್ಟರು: "ಬ್ಯಾರೆ ಬ್ಯಾರೆ, ಪೌಲಪ್ಪಾರ. ಚಾ ಕುಡುದಾಕಿ ಬ್ಯಾರೆ, ಬಾಗ್ಲ ಹಾಕ್ಕೊಂಡಾಕಿ ಬ್ಯಾರೆ. ನೀವು ನಿದ್ದಿ ಮಾಡಿದ್ರ ಹೆಂಗ?"

ಪೌಲಪ್ಪ ಪ್ರಾರ್ಥನೆ ಮಾಡಬೇಕು ಎಂದರು. ಮಾಡಿದೆವು. ಯಾರಿಗಾಗಿ ಎಂದು ಹೆಸರು ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಎಸ್ತರ್ ನನ್ನ ಕ್ಯಾಬಿನ್ನಿಗೆ ಬಂದಳು. ನನ್ನ ಬಿಪಿ ಮಾತ್ರೆ ಅವಳೇ ತಂದುಕೊಡುತ್ತಿದ್ದಳು. ಆ ದಿನ ಮಾತ್ರೆ ಕೊಟ್ಟ ಮೇಲೂ ಹೋಗಲಿಲ್ಲ. ಕಾನಹೊಸಹಳ್ಳಿ ಬಸ್ಸಿನ ಜನ ಹತ್ತಿ ಮುಗಿಯುವವರೆಗೆ ಬಾಗಿಲಲ್ಲಿ ನಿಂತಿದ್ದಳು.

"ಅಂಕಲ್, ಪುಸ್ತಕದಾಗ ನನ್ನ ಕೇಳೋ ಪ್ರಶ್ನಿ ಯಾವುದಾರ ಐತೇನು?"

"ಯಾಕವ್ವ?"

"ಎಲ್ಲಾರೂ ನನ್ನ ಸಲುವಾಗಿ ಮಾತಾಡಾಕತ್ತಾರ. ನನ್ನ ಯಾರೂ ಕೇಳಿಲ್ಲ. ನಂಗ ಆ ಹುಡುಗನ್ನ ಮಾಡ್ಕೋಬೇಕು ಅಂತೇನೂ ಅನ್ನಿಸಿದ್ದಿಲ್ಲ."

"ಹಂಗಾರ ಅವ್ವಗ ಹೇಳು."

"ಹೇಳೀನಿ. ತನ್ನ ಸಮಾಧಾನಕ್ಕ ಹೇಳಾಕತ್ತೀನಿ ಅಂತ ತಿಳ್ಕಂತಾಳ. ಅವತ್ತು ಅತ್ತಿದ್ದು ಖರೆ ಅಂಕಲ್. ಒಲ್ಲೆ ಅಂತ ನಾ ಹೇಳೋಕ್ಕಿಂತ ಮೊದ್ಲ ಅವ್ರೇ ಒಲ್ಲೆ ಅಂದ್ರಲ್ಲ, ಅದಕ್ಕ ಅತ್ತೆ." ಅವಳು ನಗಲು ನೋಡಿದಳು. "ಅವ್ವ ಎದ್ದು ನಿಂತ್ರ ಚಿಗವ್ವಂದು ಏನೂ ಹೋಗಂಗಿಲ್ಲ. ವಿಚಾರಣಿ ಮಾಡ್ತಾರ, ಮದುವಿ ಒಂದೆರಡು ವಾರ ಮುಂದಕ್ಕ ಹೋಗ್ತೈತಿ. ಆದ್ರ ಯಾರ ಸಲುವಾಗಿ ನಿಂತ್ರು ಅಂತ ಜನ ಕೇಳ್ತಾರ. ಹಡಗಲಿಂದ ಹರಪನಹಳ್ಳಿ ಮಟ ಆ ಬಿಟ್ಟ ಹುಡುಗಿ ಯಾರು ಅಂದ್ರ ನನ್ನ ಹೆಸರ ಹೇಳ್ತಾರ. ಅವ್ವನ್ನ ನೀವು ನಿಲ್ಲಸ್ತೀರೋ ಬಿಡ್ತೀರೋ. ನನ್ನ ಹೆಸರೊಂದು ಆ ಚರ್ಚಿನಾಗ ಕೇಳಬಾರ್ದು, ಅಷ್ಟ."

"ನನ್ನ ಬಾಯಿಂದ ಬರಂಗಿಲ್ಲವ್ವ" ಎಂದೆ.

ಅವತ್ತಿನಿಂದ ಆ ಹೆಸರನ್ನು ನಾನು ಬಾಯಲ್ಲಿ ತುಂಬಿದ ನೀರಿನಂತೆ ಹೊತ್ತುಕೊಂಡು ತಿರುಗಿದೆ. ಓದುವಾಗ, ಪ್ರಾರ್ಥಿಸುವಾಗ, ಮೈಕಿನಲ್ಲಿ ಬಸ್ಸಿನ ಹೆಸರು ಕೂಗುವಾಗ ಕೂಡ, ಎಲ್ಲಿ ಅದು ಹೊರಗೆ ಚೆಲ್ಲಿಬಿಡುತ್ತದೋ ಎಂದು. ಲೀಲಾ ಒಮ್ಮೆ "ಎಸ್ತರ್ ಬಂದಿದ್ಲಾ?" ಎಂದು ಕೇಳಿದ್ದಕ್ಕೆ "ಯಾರು?" ಎಂದುಬಿಟ್ಟೆ.

ಮುಂದಿನ ಶುಕ್ರವಾರ ಬಸಮ್ಮ ತವರಿಗೆ ಹೋಗಿದ್ದರು. ಕಿಟಕಿಯ ಕಟ್ಟೆ ಖಾಲಿ. ನಮ್ಮನ್ನು ಕಾಯುತ್ತಿದ್ದವರು ಅವರೇ ಎಂದು ಆಗಲೇ ನನಗೆ ಅನ್ನಿಸಿದ್ದು. ಪಾಠ ಅರ್ಧಕ್ಕೆ ಬಂದಿತ್ತು, ಯಾರೋ ಬಾಗಿಲನ್ನು ಧಡಧಡ ಬಡಿದರು. ಹೊರಗೆ ಇಬ್ಬರು ಮೂವರು ಗಂಡಸರ ದನಿ. ಓಣಿಯ ಹುಡುಗರು ಕೊನೆಗೂ ಬಂದರು ಎಂದುಕೊಂಡೆ. ಹೆದರಿದ್ದು ನಿಜವಾಯಿತೆಂಬ ಒಂದು ವಿಚಿತ್ರ ತೃಪ್ತಿಯೂ ಆಯಿತು ಎಂದರೆ ನೀವು ನಂಬುವುದಿಲ್ಲ. ಕೈಯಲ್ಲಿದ್ದ ಪುಸ್ತಕವನ್ನು ಮಂಡಕ್ಕಿ ಡಬ್ಬಿಯೊಳಗೆ ತುರುಕಿ, ಮುಚ್ಚಳ ಹಾಕಿ, ಅಂಗಿಯ ಗುಂಡಿ ಸರಿ ಮಾಡಿಕೊಂಡು ಬಾಗಿಲು ತೆರೆದೆ.

ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಹಿರಿಯ ಮತ್ತು ಅವನ ಇಬ್ಬರು ಮಕ್ಕಳು. ಹಿರಿಯನ ಎರಡು ಕಂಕುಳಲ್ಲೂ ಒಂದೊಂದು ಕುರಿಮರಿ.

"ಕಂಟ್ರೋಲರ್ ಸಾಹೇಬ್ರು ನೀವೇ ಅಲ್ರಿ? ಹಂಪಸಾಗರದ ಗಾಡಿ ಇನ್ನೂ ನಿಂತೈತಿ. ಮರಿ ಹಾಕ್ಕೋ ಅಂದ್ರ ಕಂಡಕ್ಟರ್ ಟಿಕೆಟ್ ತಗಸು ಅಂತಾನ. ಆತಪ್ಪ, ಟಿಕೆಟ್ ಕೊಡು, ಸೀಟಿಗೆ ಕುಂದ್ರಸ್ತೀನಿ ಅಂದ್ರ ಅದಕ್ಕೂ ಬ್ಯಾಡ ಅಂತಾನ. ನೀವೊಂದ್ ಮಾತ್ ಹೇಳ್ರಿ."

ಕಂಡಕ್ಟರಿಗೆ ಫೋನ್ ಮಾಡಿ ಹೇಳಿದೆ. ಅವರು ಕೈ ಮುಗಿದು ಓಡಿದರು. ಒಂದು ಮರಿ ಹೋಗುವಾಗ ನನ್ನ ಅಂಗಿ ತೋಳನ್ನು ಕಚ್ಚಿ ನೋಡಿತು. ಬೆವರು ಒರೆಸಿಕೊಳ್ಳುತ್ತ ಒಳಗೆ ತಿರುಗಿದೆ.

ಸುಗುಣಕ್ಕ ಎದ್ದು ನಿಂತಿದ್ದರು. ಕಮಲಕ್ಕನ ಕುರ್ಚಿಯ ಮುಂದೆ, ಬಾಗಿಲಿಗೆ ಮುಖ ಮಾಡಿ, ಎರಡೂ ಕೈ ಸ್ವಲ್ಪ ಅಗಲಿಸಿಕೊಂಡು. ಹೆರಿಗೆ ವಾರ್ಡಿನ ಬಾಗಿಲಲ್ಲಿ ಒಳನುಗ್ಗುವ ಜನರನ್ನು ತಡೆಯಲು ಅವರು ಎಷ್ಟೋ ವರ್ಷ ನಿಂತದ್ದೂ ಹೀಗೇ ಇರಬೇಕು. ಹಿಂದೆ ಕೂತಿದ್ದ ಕಮಲಕ್ಕ ಅಕ್ಕನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಕುರಿಮರಿ ಎಂದು ತಿಳಿದ ಮೇಲೂ ಸ್ವಲ್ಪ ಹೊತ್ತು ಇಬ್ಬರಿಗೂ ತಾವಿದ್ದ ಭಂಗಿಯ ಅರಿವಾಗಲಿಲ್ಲ. ಆಮೇಲೆ ಸುಗುಣಕ್ಕ ಸೆರಗು ಎಳೆದುಕೊಂಡು ಕೂತರು. "ಮುಂದ ಓದ್ರಿ" ಎಂದರು. ಪುಸ್ತಕ ಮಂಡಕ್ಕಿಯೊಳಗಿತ್ತು. ಅದರ ಆ ಪುಟಗಳಿಗೆ ಇವತ್ತಿಗೂ ಅರಿಶಿನ, ಎಣ್ಣೆಯ ಕಲೆ ಇದೆ.

ನಾನು ಇನ್ನೇನು ಎಲ್ಲ ಸರಿಯಾಯಿತು ಎಂದು ನಂಬುವ ಮನುಷ್ಯ ಅಲ್ಲ. ನಂಬಿದ್ದರೂ ಮುಂದಿನ ವಾರ ಕೈ ಕೊಡುತ್ತಿತ್ತು. ಆ ವಾರ ಕಮಲಕ್ಕ ಬರಲಿಲ್ಲ. ಮದುವೆಯ ಬಟ್ಟೆ ಹೊಲಿಯುವ ಕೆಲಸ ಎಂದು ಫೋನ್ ಮಾಡಿದ್ದರು. ಸುಗುಣಕ್ಕ ಪಕ್ಕದ ಖಾಲಿ ಕುರ್ಚಿಯನ್ನು ನೋಡಿ, "ಕೊಟ್ಟೂರು ಬಸ್ ಲೇಟೇನು?" ಎಂದು ಕೇಳಿದರು. ಬಂದು ಹೋಯಿತು ಎಂದೆ.

ಕೊನೆಯ ಶುಕ್ರವಾರ ಇಬ್ಬರೂ ಇದ್ದರು. ಕೊನೆಯ ಪಾಠದಲ್ಲಿ ಒಂದೇ ಪ್ರಶ್ನೆ: ನೀವು ಹೇಳುತ್ತ ಬಂದ ಆ 'ಒಬ್ಬರ' ಹತ್ತಿರ ಹೋಗುತ್ತೀರಾ? ಈ ಸಲ ಪುಸ್ತಕ ಹೇಳಿದ ಹಾಗೆಯೇ ಕಾದೆ. ಪೌಲಪ್ಪ ಕೂಡ ಪ್ರಾರ್ಥನೆ ಎನ್ನಲಿಲ್ಲ. ಕಿಟಕಿಯ ಹೊರಗೆ ಕಾಳು ಸೋಸುವ ಸದ್ದೂ ನಿಂತಿತು. ಕಮಲಕ್ಕನ ಕಣ್ಣಲ್ಲಿ ನೀರಿತ್ತು, ಅವರ ಬಾಯಿ ಒಂದು ಸಲ ಅಲ್ಲಾಡಿತು.

ಸುಗುಣಕ್ಕ ಪುಸ್ತಕ ಮುಚ್ಚಿದರು. "ಪ್ರಕಟಣಿ ಯಾವಾಗ ಓದ್ತಾರ?"

"ಹಬ್ಬ ಆಗಿ ಮುಂದಿನ ಭಾನುವಾರ ಅಕ್ಕ."

"ಆತು. ಬರ್ತೀನಿ."

ಅಷ್ಟೇ. ಎಲ್ಲರೂ ಹೋದ ಮೇಲೆ ಬಸಮ್ಮ ಕಿಟಕಿಯಲ್ಲಿ ಮುಖ ತೋರಿಸಿದರು. "ಇವತ್ತ ನನ್ನ ಹೂವು ಎಲ್ಲೈತಿ? ವಾರಾ ವಾರಾ ಇಲ್ಲಿ ಇಡ್ತಿದ್ಲು ನರ್ಸಮ್ಮ." ಕಟ್ಟೆಯ ಮೇಲೆ ಹೂವಿರಲಿಲ್ಲ. ಕುರ್ಚಿಯ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ಲೀಲಾ ನನ್ನ ಮುಖ ನೋಡಿ, "ನೋಡ್ರಿ, ತಗೊಂಡು ಹೋಗ್ಯಾಳ" ಎಂದಳು. ತೆಗೆದುಕೊಂಡು ಹೋಗಿ ದಾರಿಯಲ್ಲಿ ಎಸೆದಿರಬಹುದು ಎಂದೆ ನಾನು.

ಸಭೆಯ ಪ್ರಕಟಣೆಗಳನ್ನು ಬರೆದು ಕೊಡುವುದು ನನ್ನ ಪಾಲಿನ ಸೇವೆ. ಅಕ್ಷರ ಗುಂಡಗಿದೆ ಎಂದು ಕೊಟ್ಟ ಕೆಲಸ. ಹಬ್ಬದ ನಂತರದ ಶನಿವಾರ ಕ್ಯಾಬಿನ್ನಿನಲ್ಲಿ ಕೂತು, ಗಾಡಿ ಕೂಗುತ್ತ ಕೂಗುತ್ತ, ಅದನ್ನು ಬರೆದೆ. ಸುಗುಣಕ್ಕನಿಗೆ ಹಿಡಿಯಲು ಒಂದು ಎಳೆಯೂ ಸಿಗಬಾರದು ಎಂದು ಊರಿನ ಹೆಸರು, ತಂದೆಯರ ಹೆಸರು, ತಾರೀಖು, ಮೊದಲನೆಯ ಸಾರಿ ಎಂಬ ಮಾತು, ಎಲ್ಲವನ್ನೂ ಬೆರಳಿಟ್ಟು ನೋಡಿದೆ. ಒಂದು ಹಾಳೆಯ ಮೇಲೆ ಬೆವರ ಹನಿ ಬಿದ್ದಿತೆಂದು ಹೊಸ ಹಾಳೆಯಲ್ಲಿ ಮತ್ತೆ ಬರೆದೆ.

ಭಾನುವಾರ ಪಾಸ್ಟರ್ ತಡವಾಗಿ ಬಂದರು. ಹಾಳೆಯನ್ನು ನೋಡದೆಯೇ ಮಡಚಿ ಜೇಬಿಗಿಟ್ಟುಕೊಂಡರು. ಸುಗುಣಕ್ಕ ಮುಂದಿನ ಬೆಂಚಿನಲ್ಲಿ ನೀಲಿ ಅಂಚಿನ ಬಿಳಿ ಸೀರೆಯುಟ್ಟು ಕೂತಿದ್ದರು, ಪಕ್ಕದಲ್ಲಿ ಎಸ್ತರ್. ಆ ಕಡೆ ಕಮಲಕ್ಕ, ಅವರ ಗಂಡ, ಶಾಲಿನಿ. ಹಾಡು ಆಯಿತು, ಕಾಣಿಕೆ ಆಯಿತು. ಪಾಸ್ಟರ್ ಹಾಳೆ ಬಿಡಿಸಿ ಕನ್ನಡಕ ಹಾಕಿಕೊಂಡು, ಮುಂದಿನ ಊರಿಗೆ ಹೋಗಬೇಕಾದವರ ಅವಸರದಲ್ಲಿ ಓದಿದರು. ಹಡಗಲಿಯ ಇಂಥವರ ಮಗ. ಕೊಟ್ಟೂರಿನ ಇಂಥವರ ಮಗಳು ಎಸ್ತರ್.

ನನಗೆ ಕೂಡಲೇ ಏನೂ ಅನ್ನಿಸಲಿಲ್ಲ. ವಾರಗಳಿಂದ ನನ್ನ ಬಾಯಲ್ಲಿದ್ದ ಹೆಸರು ಅದು. ಕಿವಿಗೆ ಪರಿಚಯವೇ ಇತ್ತು. ಬೆಂಚುಗಳ ಮೇಲಿನ ತಲೆಗಳೆಲ್ಲ ಒಂದೇ ಕಡೆ ತಿರುಗಿದಾಗ ತಿಳಿಯಿತು. ಪಾಸ್ಟರಿಗೆ ಆಗಲೂ ತಿಳಿಯಲಿಲ್ಲ. ಆಕ್ಷೇಪಣೆ ಇದ್ದವರು ತಿಳಿಸಿರಿ ಎಂದು ಓದಿ ಮುಗಿಸಿ, ಪದ್ಧತಿಯಂತೆ ಸುಮ್ಮನೆ ನಿಂತರು. ಫ್ಯಾನು ತಿರುಗುತ್ತಿತ್ತು.

ಸುಗುಣಕ್ಕ ಎದ್ದು ನಿಂತರು.

"ಅಯ್ನೋರೆ." ದನಿ ಗಟ್ಟಿಯಾಗಿತ್ತು, ಹೆರಿಗೆ ವಾರ್ಡಿನ ದನಿ. "ನಂದು ಆಕ್ಷೇಪಣಿ ಏನಿಲ್ಲ. ಹುಡುಗಿ ಹೆಸರು ತಪ್ಪೈತಿ. ಇಲ್ಲಿ ಕುಂತಾಳಲ್ಲ, ಈಕಿ ನನ್ನ ಮಗಳು. ಮದುವಿ ಇರೋದು ನನ್ನ ತಂಗಿ ಮಗಳದ್ದು. ಶಾಲಿನಿ ಅಂತ ಓದ್ರಿ."

ತಂಗಿ ಎಂಬ ಮಾತಿಗೆ ಕಮಲಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸುಗುಣಕ್ಕ ಆ ಕಡೆ ನೋಡಲಿಲ್ಲ. ಪಾಸ್ಟರ್ ಇನ್ನೊಂದು ಸಲ ಓದಿದರು, ಸರಿಯಾಗಿ ಓದಿದರು, ಸುಮ್ಮನೆ ನಿಂತರು. ಯಾರೂ ಏಳಲಿಲ್ಲ. ಮುಂದೆ ಮದುವೆಗೂ ಸುಗುಣಕ್ಕ ಬಂದರು, ಹುಡುಗಿಯ ತಲೆಯ ಮೇಲೆ ಕೈ ಇಟ್ಟರು, ಊಟಕ್ಕೆ ಮಾತ್ರ ನಿಲ್ಲಲಿಲ್ಲ.

ಆರಾಧನೆ ಮುಗಿದು ಹೊರಗೆ ಬಂದೆ. ಬಿಸಿಲಿಗೆ ಅಂಗಳದ ಮಣ್ಣು ಚಪ್ಪಲಿಯ ಮೂಲಕ ಸುಡುತ್ತಿತ್ತು. ಪೌಲಪ್ಪ ನನ್ನ ಕೈ ಹಿಡಿದು, "ಪುಸ್ತಕ ಓದ್ಸಿದ್ದು ಕೆಲಸಕ್ಕ ಬಂತು ನೋಡ್ರಿ" ಎಂದರು. ಎಸ್ತರ್ ಬೇವಿನ ಮರದ ಕೆಳಗೆ ಸ್ಕೂಟಿ ತಿರುಗಿಸುತ್ತಿದ್ದಳು. ಹತ್ತಿರ ಹೋದೆ. ಬಾಯಿಂದ ಬರುವುದಿಲ್ಲ ಎಂದಿದ್ದೆ, ಬಂದಿರಲಿಲ್ಲ.

"ಗುಳಿಗಿ ಮುಗ್ದಿರಬೇಕಲ್ರಿ ಅಂಕಲ್" ಎಂದಳು ಕೀಲಿ ತಿರುವುತ್ತ, ನನ್ನ ಮುಖ ನೋಡದೆ. "ಅಂಗಡಿ ಹುಡುಗನ ಕಡೆ ಕಳಿಸ್ತೀನಿ." ಆ ತಿಂಗಳಿಂದ ಮಾತ್ರೆಗಳನ್ನು ಅವಳು ತರಲಿಲ್ಲ.

ಕರೆಂಟು ಹೋಗಲಿಲ್ಲ. ಬಸ್ಸು ಕೆಡಲಿಲ್ಲ. ಕೇಳಲು ಬಂದವರು ಕುರಿಮರಿಯವರು. ಮನೆ ಯಾರೂ ಖಾಲಿ ಮಾಡಿಸಲಿಲ್ಲ, ಚಹಾ ಯಾರೂ ಎರಚಲಿಲ್ಲ, ಎದ್ದು ನಿಂತವರು ಕೂಡ ಆಕ್ಷೇಪಣೆಗೆ ನಿಲ್ಲಲಿಲ್ಲ. ಆ ಬೇಸಿಗೆಯಲ್ಲಿ ಆದದ್ದು ಇದೊಂದೇ: ಆ ಚರ್ಚಿನಲ್ಲಿ ಕೇಳಬಾರದು ಎಂದಿದ್ದ ಒಂದು ಹೆಸರು ಕೇಳಿತು, ಅದು ನನ್ನ ಗುಂಡನೆಯ ಅಕ್ಷರದಲ್ಲಿತ್ತು.